ಮಳೆಗೆ ಸಿಡಿದ ರಾಡಿ

ಮಣಿಪಾಲದಲ್ಲಿ ಬಸ್ಸಿಳಿದಾಗ ಸಂಜೆ ಆರೂವರೆ. ಆರ್ದ್ರಾ ಮುಗಿದು ಪುನರ್ವಸು ಹಿಡಿದಿದ್ದ ವಾರ. ಆಗಷ್ಟೇ ಒಂದು ಮಳೆ ಹೊಯ್ದು ನಿಂತಿತ್ತು. ಕಪ್ಪೆಗಳ ಅಧ್ಯಯನ ಮಾಡುವ ಯುವ ಸಂಶೋಧಕಿಯೊಬ್ಬರು ರೇನ್‌ಕೋಟಿನಲ್ಲಿ ಕಾಯುತ್ತಿದ್ದರು. ಕಾಫಿ ಕುಡಿದು ಹೊರಡೋಣ ಎಂದೆ. "ಈಗಲೇ ಹೋಗ್ಬೇಕು ಸರ್, ಮಳೆ ನಿಂತ ಅರ್ಧ ಗಂಟೆಯಲ್ಲಿ ಅವು ಚೆನ್ನಾಗಿ ಕೂಗ್ತವೆ" ಎಂದು ನಡೆದೇಬಿಟ್ಟರು.

ಕಟ್ಟಡಗಳ ಬೆಳಕು ಹಿಂದೆ ಬಿತ್ತು. ಕಾಲಡಿಗೆ ಮುರಕಲ್ಲಿನ ಪಾರೆ ಸಿಕ್ಕಿತು. ಕರಾವಳಿಯವರಿಗೆ ಮುರಕಲ್ಲು ಅಂದರೆ ಮನೆಯ ಗೋಡೆ, ಬಾವಿಯ ಕಟ್ಟೆ, ಗದ್ದೆಯ ಅಂಚು. ಧೋ ಎಂದು ಸುರಿಯುವ ಮಳೆ ಲಕ್ಷಾಂತರ ವರ್ಷ ಬಂಡೆಯನ್ನು ತೊಳೆದು, ಕರಗುವುದನ್ನೆಲ್ಲ ಕೊಚ್ಚಿಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶವನ್ನಷ್ಟೇ ಉಳಿಸಿದಾಗ ಆಗುವ ಕಲ್ಲು ಇದು. ನೆಲದೊಳಗೆ ಮೆದು, ಗಾಳಿಗೆ ಒಡ್ಡಿದರೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ದಕ್ಷಿಣದಲ್ಲಿ ಓಡಾಡಿ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಇದಕ್ಕೆ 'ಲ್ಯಾಟರೈಟ್' ಎಂಬ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದ ಹೆಸರು. ನಮ್ಮ ಮಲೆನಾಡಿನ ಕಡೆಯವರು ಇದನ್ನು ಜಂಬಿಟ್ಟಿಗೆ ಎನ್ನುತ್ತಾರೆ. ಇಟ್ಟಿಗೆಯ ಹೋಲಿಕೆ ಇಬ್ಬರಿಗೂ ಹೊಳೆದಿದೆ.

ಪಾರೆಯ ತಗ್ಗುಗಳಲ್ಲಿ ಬೊಗಸೆಯಷ್ಟು, ಮೊರದಷ್ಟು ಅಗಲದ ನೀರು ನಿಂತಿತ್ತು. ಸುತ್ತ ಹುಲ್ಲು. ಹುಲ್ಲಿನೊಳಗಿಂದ ಎಡೆಬಿಡದ ಕಿರಗುಟ್ಟುವ ಸದ್ದು.

"ಏನು ಕೇಳಿಸ್ತಿದೆ ಸರ್?"

"ಜೀರುಂಡೆ" ಎಂದೆ. ಅನುಮಾನವೇ ಇರಲಿಲ್ಲ.

ಅವರು ಕುಕ್ಕರಗಾಲಲ್ಲಿ ಕೂತು, ಟಾರ್ಚಿನ ಬೆಳಕನ್ನು ಒಂದು ಹುಲ್ಲಿನ ಬುಡಕ್ಕೆ ಬಿಟ್ಟು, ನೋಡಲು ಸನ್ನೆ ಮಾಡಿದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಹೆಬ್ಬೆರಳ ಉಗುರಿನಷ್ಟು ಒಂದು ಕಪ್ಪೆ. ತಿಳಿಗಂದು ಮೈ, ಬೆನ್ನ ಮೇಲೆ ಕರಿಯ ಗುರುತು. ಗಂಟಲು ಗುಳ್ಳೆಯಂತೆ ಉಬ್ಬಿ ಇಳಿಯುತ್ತಿತ್ತು. ಉಬ್ಬಿದಾಗಲೆಲ್ಲ ನಾನು ಜೀರುಂಡೆ ಎಂದುಕೊಂಡಿದ್ದ ಸದ್ದು ಅಷ್ಟು ಸಣ್ಣ ಮೈಯಿಂದ ಹೊರಡುತ್ತಿತ್ತು.

ಇದರ ಹೆಸರು ಮೈಕ್ರೊಹೈಲಾ ಲ್ಯಾಟರೈಟ್. ಉದ್ದ ಸುಮಾರು 1.6 ಸೆಂಟಿಮೀಟರ್. ಮಣಿಪಾಲದ ಮುರಕಲ್ಲಿನ ನೆಲದಲ್ಲಿ ಏನೇನಿದೆ ಎಂದು ಊರಿನವರನ್ನೂ ಸೇರಿಸಿಕೊಂಡು ಹುಡುಕುತ್ತಿದ್ದ ತಂಡವೊಂದಕ್ಕೆ ಸಿಕ್ಕಿ, 2016ರಲ್ಲಿ ಹೊಸ ಪ್ರಭೇದವೆಂದು ಪ್ರಕಟವಾಯಿತು. ಸಾವಿರಾರು ಮಂದಿ ಓದುವ, ಆಸ್ಪತ್ರೆಗೆ ಬಂದುಹೋಗುವ ಊರಿದು. ಅಷ್ಟೂ ಜನರ ಕಿವಿಯ ಮೇಲೆ ಮಳೆಗಾಲವಿಡೀ ಆ ದನಿ ಬಿದ್ದಿರಬೇಕು. ಕೇಳಿದವರೆಲ್ಲ ನನ್ನಂತೆಯೇ ಉತ್ತರ ಕೊಟ್ಟುಕೊಂಡು ಮುಂದೆ ಹೋಗಿರಬೇಕು.

"ಪಹಣಿಯಲ್ಲಿ ಇಂಥ ಜಾಗಕ್ಕೆ ಏನಂತ ಬರೀತಾರೆ ಗೊತ್ತಲ್ಲ ಸರ್?" ಎಂದರು.

ಗೊತ್ತಿತ್ತು. ಖರಾಬು. ಬೆಳೆ ಬರದ ನೆಲ, ಯಾವುದಕ್ಕೂ ಬಾರದ ನೆಲ. ಕಲ್ಲು ಕಡಿಯಬಹುದು, ಕಟ್ಟಡ ಕಟ್ಟಬಹುದು, ಕಸ ಸುರಿಯಬಹುದು, ಕೇಳುವವರಿಲ್ಲ. ಆದರೆ ಈ ಕಪ್ಪೆಗೆ ಇದೇ ಊರು. ಇಲ್ಲಿ ನಿಂತ ಮಳೆನೀರೇ ಅದರ ಕೆರೆ. "ಹೆಸರಲ್ಲಿ ಕಲ್ಲನ್ನೇ ಇಟ್ಟಿದ್ದು ಅದಕ್ಕೇ ಇರ್ಬೇಕು. ಕಪ್ಪೆ ಬೇಕು ಅನ್ನೋರು ಕಲ್ಲನ್ನೂ ಉಳಿಸ್ಬೇಕಲ್ಲ" ಎಂದು ಅವರು ಎದ್ದು ನಿಂತರು. ವಾರದ ಕೊನೆಗೆ ಕತ್ತಲೆಕಾನಿನಲ್ಲಿ ಕೆಲಸವಿದೆ, ಬರುವುದಾದರೆ ಬನ್ನಿ ಎಂದರು. ಬರುತ್ತೇನೆ ಎಂದೆ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಸೀಮೆಯಲ್ಲಿ. ಘಟ್ಟದಲ್ಲಿ ಹೊಸ ಕಪ್ಪೆ ಸಿಕ್ಕಿತು, ಹೊಸ ಹಾವು ಸಿಕ್ಕಿತು ಎಂದು ಪತ್ರಿಕೆಯಲ್ಲಿ ಓದಿದಾಗಲೆಲ್ಲ ಖುಷಿಯ ಜೊತೆ ಒಂದು ಪ್ರಶ್ನೆಯೂ ಕಾಡುತ್ತಿತ್ತು. ನಾವು ದರಗು ಗುಡಿಸಿದ, ಸೌದೆ ತಂದ, ಅಣಬೆ ಕಿತ್ತ ಕಾಡಲ್ಲಿ ಇದ್ದದ್ದು ಹೊಸದಾಗುವುದು ಹೇಗೆ? ಆ ಪ್ರಶ್ನೆಯನ್ನು ಕೆಲಸ ಮಾಡುವವರನ್ನೇ ಕೇಳೋಣವೆಂದು ಈ ಸಲದ ಮಳೆಗಾಲದಲ್ಲಿ ಹೊರಟಿದ್ದೆ.

ಮರುದಿನ ಹೆಬ್ರಿ, ಸೋಮೇಶ್ವರ ದಾಟಿ ಮಿನಿ ಬಸ್ಸು ಆಗುಂಬೆ ಘಾಟಿ ಹತ್ತಿತು. 14 ತಿರುವು. ಒಂದೊಂದು ತಿರುವಿಗೂ ಮಂಜು ದಟ್ಟವಾಗುತ್ತ, ಮೇಲೆ ಬಂದಾಗ ಎದುರಿನ ಅಂಗಡಿಯೂ ಮಸುಕು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು. ಬಟ್ಟೆ ಒಣಗುವುದೆಂಬುದು ಇಲ್ಲಿ ದೀಪಾವಳಿಯ ಹೊತ್ತಿನ ಮಾತು. ಉರಗ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ಕಾಳಿಂಗ ಸರ್ಪದ ಮೈಯೊಳಗೆ ಸಣ್ಣ ರೇಡಿಯೊ ಇರಿಸಿ ಅದರ ಹಿಂದೆಯೇ ದಿನಗಟ್ಟಲೆ ನಡೆದು ಬದುಕು ಅರಿಯುವ ಕೆಲಸ 2008ರಲ್ಲಿ ಶುರುವಾದದ್ದೂ ಈ ಕಾಡಿನಲ್ಲೇ.

ನಾನು ಭೇಟಿಯಾದದ್ದು ಹಾವುಗಳ ಹಿಂದೆ ಹಲವು ವರ್ಷ ಅಲೆದ ಒಬ್ಬ ಸಂಶೋಧಕರನ್ನು. ಒಲೆಯ ಪಕ್ಕ ಹಾಸಿದ ಗೋಣಿಚೀಲದ ಮೇಲೆ ಅವರ ಬೂಟುಗಳು ಆವಿಯಾಡುತ್ತಿದ್ದವು. ನನ್ನ ಕಾಲಿನ ಎರಡು ಇಂಬಳಗಳನ್ನು ಉಪ್ಪು ಮುಟ್ಟಿಸಿ ಬೀಳಿಸಿ, ಬಿಸಿ ಕಷಾಯ ಕೊಟ್ಟು, ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರ ತೆರೆದರು. ದರಗಿನ ಮೇಲೆ ಮಲಗಿದ ಕಾಳಿಂಗ. ಮೈಮೇಲೆ ದೂರ ದೂರಕ್ಕೆ ಮಾಸಲು ಬಿಳಿಯ ಪಟ್ಟಿಗಳು.

"ಎಣಿಸಿ ನೋಡಿ."

ಪರದೆಯ ಮೇಲೆ ಬೆರಳಿಟ್ಟು ಕುತ್ತಿಗೆಯಿಂದ ಎಣಿಸುತ್ತ ಬಂದೆ. ಒಂದೆರಡು ಕಡೆ ಸುರುಳಿಯಲ್ಲಿ ತಪ್ಪಿ ಮತ್ತೆ ಮೊದಲಿಂದ ಹಿಡಿದೆ. ನಲವತ್ತು ಮುಟ್ಟಲಿಲ್ಲ.

"ಈಗ ಇದು." ಉತ್ತರ ಭಾರತದ ಕಡೆಯ ಒಂದು ಕಾಳಿಂಗ. ಪಟ್ಟಿಗಳು ಒತ್ತೊತ್ತಾಗಿದ್ದವು. ಐವತ್ತು ದಾಟಿತು.

ಎಣಿಸಿದ್ದು ಎರಡು ಹಾವುಗಳ ಪಟ್ಟಿಯಷ್ಟೆ. ಆದರೆ ಈ ವ್ಯತ್ಯಾಸಕ್ಕೆ ಹೆಸರು ಸಿಗಲು 188 ವರ್ಷ ಹಿಡಿಯಿತು. ಡೆನ್ಮಾರ್ಕ್ ಮೂಲದ ಕ್ಯಾಂಟರ್ 1836ರಲ್ಲಿ ಬಂಗಾಳದ ಹಾವುಗಳನ್ನು ನೋಡಿ ಕಾಳಿಂಗಕ್ಕೆ ವೈಜ್ಞಾನಿಕ ಹೆಸರಿಟ್ಟ. ಅಲ್ಲಿಂದ ಮುಂದೆ ನಮ್ಮ ಘಟ್ಟದಿಂದ ಫಿಲಿಪ್ಪೀನ್ಸ್‌ವರೆಗೆ ಇರುವ ಕಾಳಿಂಗಗಳೆಲ್ಲ ಒಂದೇ ಎಂದು ನಡೆದುಕೊಂಡು ಬಂತು. ನಡುನಡುವೆ ಅನುಮಾನಪಟ್ಟವರಿದ್ದರೂ ಮಾತು ಗಟ್ಟಿಯಾಗಿ ನಿಲ್ಲಲಿಲ್ಲ.

ಪ್ರಶ್ನೆ ಮತ್ತೆ ಎದ್ದದ್ದಕ್ಕೆ ಒಂದು ಕಡಿತದ ಹಿನ್ನೆಲೆಯಿದೆ. ಆಗುಂಬೆಯಲ್ಲಿ ಕೆಲಸ ಮಾಡಿದ ಪಿ. ಗೌರಿಶಂಕರ್ ಅವರಿಗೆ 2005ರಲ್ಲಿ ಕಾಳಿಂಗ ಕಚ್ಚಿತು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಕಾಳಿಂಗಕ್ಕೆ ಥಾಯ್ಲೆಂಡಿನ ಮದ್ದೇ ಗತಿ. ಆ ಮದ್ದು ನಾಟಲಿಲ್ಲ. ಅವರು ಬದುಕಿದರು, ಪ್ರಶ್ನೆಯೂ ಉಳಿಯಿತು. ಅಲ್ಲಿಯ ಕಾಳಿಂಗ, ಇಲ್ಲಿಯ ಕಾಳಿಂಗ ಒಂದೇ ಆಗಿದ್ದರೆ ಮದ್ದು ಯಾಕೆ ನಾಟಲಿಲ್ಲ?

ಉತ್ತರಕ್ಕಾಗಿ ಅವರೂ ಸಂಗಡಿಗರೂ ಏಷ್ಯಾದ ಉದ್ದಗಲದ ಕಾಳಿಂಗಗಳ ಡಿಎನ್‌ಎ ಹೋಲಿಸಿದರು. ದೇಶದೇಶಗಳ ಮ್ಯೂಸಿಯಂಗಳಲ್ಲಿ ಶೀಸೆಯೊಳಗೆ ಸುರುಳಿ ಸುತ್ತಿದ್ದ ಹಳೆಯ ಹಾವುಗಳ ಹುರುಪೆ, ಹಲ್ಲು, ಪಟ್ಟಿ ಎಣಿಸಿದರು. ನಾಲ್ಕು ಬೇರೆ ಬೇರೆ ವಂಶಗಳಿವೆ ಎಂಬುದು 2021ರಲ್ಲಿ ಹೊರಬಂತು. ಇಂದ್ರನೀಲ್ ದಾಸ್, ವೋಲ್ಫ್‌ಗ್ಯಾಂಗ್ ವುಸ್ಟರ್ ಅವರೊಂದಿಗೆ ಗೌರಿಶಂಕರ್ 2024ರಲ್ಲಿ ನಾಲ್ಕಕ್ಕೂ ಹೆಸರು ಖಚಿತಪಡಿಸಿದರು. ಪಶ್ಚಿಮ ಘಟ್ಟದ್ದು ಒಫಿಯೊಫೇಗಸ್ ಕಾಳಿಂಗ.

"ಆ ಹೆಸರು ಮೊದಲು ಓದಿದಾಗ ನಿಮಗೆ ಏನನ್ನಿಸಿತು?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಮಳೆ ನೋಡಿದರು. "ನಮ್ಮಜ್ಜಿ ಹಾವಿನ ಹೆಸರನ್ನು ಸಂಜೆ ಮೇಲೆ ಹೇಳ್ತಿರಲಿಲ್ಲ. 'ಅದು' ಅನ್ನೋರು. ಹೇಳಲೇಬೇಕಾದರೆ ಕಾಳಿಂಗ ಅಂತ ಮೆಲ್ಲಗೆ ಹೇಳೋರು. ಈಗ ಜಪಾನಿನವರು ಬರೆದರೂ ಅಮೆರಿಕದವರು ಬರೆದರೂ ಈ ಹಾವನ್ನು ಅಜ್ಜಿ ಕರೆದ ಹಾಗೇ ಕರೀಬೇಕು" ಎಂದರು.

ಆಮೇಲೆ ಮಾತು ಕೆಲಸದ ಕಡೆ ತಿರುಗಿತು. ನಾಲ್ಕನ್ನೂ ಒಂದೇ ಎಂದುಕೊಂಡಾಗ ಕಾಳಿಂಗದ ನೆಲೆ ಅರ್ಧ ಏಷ್ಯಾದಷ್ಟಿತ್ತು. ಎಲ್ಲೋ ಕಡಿಮೆಯಾದರೆ ಇನ್ನೆಲ್ಲೋ ಇದೆ ಎಂದು ಸಮಾಧಾನಪಡಬಹುದಿತ್ತು. ಈಗ ಕಾಳಿಂಗ ಪ್ರಭೇದಕ್ಕೆ ಇರುವುದು ಈ ಘಟ್ಟದ ಸಾಲು ಮಾತ್ರ. ಅದರ ಉಳಿವಿನ ಲೆಕ್ಕವನ್ನು ಹೊಸದಾಗಿ ಹಾಕಬೇಕು. ಅದರ ವಿಷಕ್ಕೆ ತಕ್ಕ ಮದ್ದನ್ನೂ ಹುಡುಕಬೇಕು.

ಗೂಡಿನ ವಿಷಯ ಹೇಳುವಾಗ ಅವರ ದನಿ ತಗ್ಗಿತು. ಹಾವುಗಳಲ್ಲಿ ಎಲೆ ಒಟ್ಟಿ ಗೂಡು ಕಟ್ಟುವುದು ಕಾಳಿಂಗದ ಕುಲವೊಂದೇ. ಹೆಣ್ಣು ತನ್ನ ಮೈಯ ಸುರುಳಿಯಿಂದಲೇ ದರಗನ್ನು ಎಳೆದೆಳೆದು ಗುಪ್ಪೆ ಮಾಡಿ, ನಡುವೆ ಮೊಟ್ಟೆಯಿಟ್ಟು, ಮೇಲೆ ವಾರಗಟ್ಟಲೆ ಕಾವಲು ಕೂರುತ್ತದೆ. ಆಗುಂಬೆಯಂಥ ಮಳೆಯಲ್ಲೂ ಒಳಗಿನ ಮೊಟ್ಟೆಗಳು ಬೆಚ್ಚಗಿರುತ್ತವೆ. ಮರಿ ಹೊರಬರುವ ಮುಂಚೆ ತಾಯಿ ಬಿಟ್ಟು ಹೋಗುತ್ತದೆ. ಕೆಲವು ಗೂಡುಗಳು ತೋಟದ ಅಂಚಿನಲ್ಲಿ, ಮನೆಗೆ ಕೂಗಳತೆಯಲ್ಲಿ ಇರುತ್ತವೆ. "ನಾವು ಹೋಗಿ ವಿವರಿಸ್ತೀವಿ. ಮಕ್ಕಳಿರೋ ಮನೆಯವರು ಕೂಡ, ಸರಿ ಬಿಡಿ, ಅದೂ ಬಾಣಂತಿ ಅಲ್ವಾ, ಎರಡು ತಿಂಗಳು ಆ ಕಡೆ ಹೋಗಲ್ಲ ಅಂತಾರೆ. ನಮ್ಮ ಸಂಶೋಧನೆ ನಿಂತಿರೋದು ಅವರ ಆ ಮಾತಿನ ಮೇಲೆ" ಎಂದರು.

ಆ ರಾತ್ರಿ ಹೆಂಚಿನ ಮೇಲೆ ಬೀಳುವ ಮಳೆ ಕೇಳುತ್ತ ಮಲಗಿದ್ದಾಗ ನನ್ನ ಊರಿನ ಒಂದು ಮಧ್ಯಾಹ್ನ ನೆನಪಾಯಿತು. ಬಚ್ಚಲ ಹಿಂದಿನ ಬಿದಿರು ಮೆಳೆಯಲ್ಲಿ ಕಾಳಿಂಗ ಬಂದಿತ್ತು. ಊರೆಲ್ಲ ಸೇರಿ ದೂರದಿಂದ ಕೈಮುಗಿದಿತ್ತು. ಅದರ ಮೈಮೇಲಿನ ಪಟ್ಟಿ ನಮಗೆಲ್ಲ ಕಂಡಿತ್ತು. ಎಷ್ಟಿವೆ ಎಂಬ ಪ್ರಶ್ನೆ ಮಾತ್ರ ಯಾರಿಗೂ ಬರಲಿಲ್ಲ. ಕೈಮುಗಿದದ್ದು ತಪ್ಪಲ್ಲ. ಆ ಕೈಮುಗಿತದಿಂದಲೇ ಹಾವು ಈವರೆಗೆ ಉಳಿದಿದೆ. ಜೊತೆಗೆ ಎಣಿಕೆಯೂ ಬೇಕಿತ್ತು ಎಂದು ಆ ರಾತ್ರಿ ಅನ್ನಿಸಿತು.

ತೀರ್ಥಹಳ್ಳಿ, ಹೊಸನಗರ, ಸಾಗರ ದಾಟಿ ಜೋಗಕ್ಕೆ ಬಂದು, ಅಲ್ಲಿಂದ ಮಾವಿನಗುಂಡಿಯ ಮೇಲೆ ಹೊನ್ನಾವರದ ರಸ್ತೆ ಹಿಡಿದರೆ ಕತ್ತಲೆಕಾನು. ಹೆಸರೇ ಹೇಳುವಂತೆ ನಡುಮಧ್ಯಾಹ್ನವೂ ಮುಸ್ಸಂಜೆಯಂಥ ಬೆಳಕು. ಈ ಸೀಮೆಯಲ್ಲಿ ಕಾನು ಅಂದರೆ ಊರವರು ದೇವರ ಹೆಸರಲ್ಲಿ, ನೀರಿನ ಹೆಸರಲ್ಲಿ, ಕಾಳುಮೆಣಸಿನ ಹೆಸರಲ್ಲಿ ತಲೆತಲಾಂತರದಿಂದ ಕಾದುಕೊಂಡ ನಿತ್ಯಹಸುರಿನ ಕಾಡು.

ಸಂಶೋಧಕಿ ಮೊದಲೇ ಬಂದಿದ್ದರು. ದಾರಿ ತೋರಿಸಲು ಹತ್ತಿರದ ಹಳ್ಳಿಯ ಅಜ್ಜರೊಬ್ಬರು ಸೊಂಟಕ್ಕೆ ಕತ್ತಿ, ತಲೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಜೊತೆಯಾದರು. ಹಗಲು ನಮಗೆ ರಾಮಪತ್ರೆ ಜಡ್ಡಿ ತೋರಿಸಿದರು. ಕಾಡಿನೊಳಗಿನ ಜೌಗು ಅದು. ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ ಜಾಯಿಕಾಯಿಯ ಬಳಗದ ಮರಗಳು ಊರುಗೋಲಿನಂಥ ಬೇರುಗಳ ಮೇಲೆ ನಿಂತಿವೆ. ಕೆಲವು ಬೇರುಗಳು ಕೆಸರಿನಿಂದ ಮೇಲೆದ್ದು, ಮಂಡಿಯಂತೆ ಬಾಗಿ ಮತ್ತೆ ಕೆಸರಿಗಿಳಿಯುತ್ತವೆ. ಕೆಸರಲ್ಲಿ ಸಿಗದ ಗಾಳಿಯನ್ನು ಅವು ಎಳೆದುಕೊಳ್ಳುವ ಬಗೆ ಅದು. ಗೇರಿನ ಬಳಗದ ಒಂದು ಮರ ಇಲ್ಲಿ ಸಿಕ್ಕಿ, 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರು ಪಡೆಯಿತು. ಊರಿನ ಹೆಸರನ್ನೇ ಹೊತ್ತ ಆ ಮರಗಳು ಜಗತ್ತಿನಲ್ಲಿ ತೀರ ಕೆಲವೇ ಇವೆ.

ಕತ್ತಲಾದ ಮೇಲೆ ಹಳ್ಳಕ್ಕಿಳಿದೆವು. ಮೊಣಕಾಲುದ್ದ ನೀರು. ಜಾರುವ ಕಲ್ಲು. ಅಜ್ಜ ಮುಂದೆ, ನಡುವೆ ಸಂಶೋಧಕಿ, ಹಿಂದೆ ನಾನು. ಒಂದು ಕಡೆ ಅವರು ಕೈಯೆತ್ತಿ ನಿಲ್ಲಿಸಿದರು. ನೀರಿನ ಸದ್ದಿನೊಳಗಿಂದ ಮರಕ್ಕೆ ಬೆರಳ ಗೆಣ್ಣಿನಿಂದ ಬಡಿದಂತೆ ಟೊಕ್, ಟೊಕ್. ಟಾರ್ಚಿಗೆ ಕೆಂಪು ಹಾಳೆ ಸುತ್ತಿ ಮೆಲ್ಲಗೆ ಬೆಳಕು ಬಿಟ್ಟರು.

ಹಳ್ಳದ ಮೇಲೆ ಬಾಗಿದ ಒಂದು ಸಣ್ಣ ಕೊಂಬೆ. ಅದಕ್ಕೆ ಅಂಟಿದ ಮೊಟ್ಟೆಗಳು, ಲೋಳೆಯೊಳಗೆ ಕಪ್ಪು ಚುಕ್ಕೆಗಳಂತೆ. ಕೆಳಗೆ ನೀರಿನಂಚಿನಲ್ಲಿ ಸುಕ್ಕು ಮೈಯ ಕಂದುಗಪ್ಪೆ. ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಅದು ಬಗ್ಗಿ ಮುಂಗೈಗಳಿಂದ ಹಳ್ಳದ ತಳದ ಕೆಸರು ಬಾಚಿತು. ಹಿಂಗಾಲ ಮೇಲೆ ಮನುಷ್ಯನಂತೆ ನೆಟ್ಟಗೆ ನಿಂತಿತು. ಬಾಚಿದ ಕೆಸರನ್ನು ಮೊಟ್ಟೆಗಳ ಮೇಲೆ ಒತ್ತಿ, ಅಂಗೈಯಿಂದ ಸವರಿತು. ಮತ್ತೆ ಬಗ್ಗಿತು, ಮತ್ತೆ ಬಾಚಿತು, ಮತ್ತೆ ಮೆತ್ತಿತು. ಗಡಿಗೆಯ ಕಂಠಕ್ಕೆ ಕೊನೆಯ ಮಣ್ಣು ಮೆತ್ತುವವನ ತಾಳ್ಮೆ ಆ ಪುಟ್ಟ ಕೈಗಳಲ್ಲಿತ್ತು. ಚುಕ್ಕೆಗಳು ಒಂದೊಂದಾಗಿ ಕೆಸರಿನೊಳಗೆ ಮರೆಯಾದವು.

ಕುಂಬಾರ ಕಪ್ಪೆ. ನಿಕ್ಟಿಬ್ಯಾಟ್ರಕಸ್ ಕುಂಬಾರ. ಕೆ.ವಿ. ಗುರುರಾಜ, ಕೆ.ಪಿ. ದಿನೇಶ್, ಎಚ್. ಪ್ರೀತಿ, ಜಿ. ರವಿಕಾಂತ್ ಇವರು 2014ರಲ್ಲಿ ಇದನ್ನು ಹೊಸ ಪ್ರಭೇದವೆಂದು ಜಗತ್ತಿಗೆ ತಿಳಿಸಿದರು. ಮೊಟ್ಟೆಗೆ ಮಣ್ಣು ಮೆತ್ತಿ ಕಾಯುವ ಗಂಡುಕಪ್ಪೆ ಅದುವರೆಗೆ ಜಗತ್ತಿನ ಯಾವ ದಾಖಲೆಯಲ್ಲೂ ಇರಲಿಲ್ಲ. ಮಣ್ಣಿನ ಹೊದಿಕೆ ಮೊಟ್ಟೆಯ ತೇವ ಆರದಂತೆ ನೋಡಿಕೊಳ್ಳುತ್ತದೆ, ತಿನ್ನಬರುವವರ ಕಣ್ಣಿಂದಲೂ ಮರೆಮಾಡುತ್ತದೆ ಎಂಬುದು ಸಂಶೋಧಕರ ಅಂದಾಜು.

ದಂಡೆಗೆ ಬಂದು ಕೂತಾಗ ನನ್ನ ಪ್ರಶ್ನೆ ಮುಂದಿಟ್ಟೆ. ಎಲ್ಲರ ಕಣ್ಣೆದುರು ಇದ್ದದ್ದು ಹೊಸದು ಹೇಗಾಗುತ್ತದೆ?

ಸಂಶೋಧಕಿ ಬೂಟಿನ ನೀರು ಬಸಿಯುತ್ತ ಯೋಚಿಸಿದರು. "ಕಪ್ಪೆ ಹೊಸದಲ್ಲ ಸರ್. ಅದು ನಮಗಿಂತ ಎಷ್ಟೋ ಹಳೇದು. ಈ ಕುಲದ ಕಪ್ಪೆಗಳು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಹೊಸದಾಗಿದ್ದು ನಾವು ಕೇಳಿದ ಪ್ರಶ್ನೆ. ಎಲೆ ಮೇಲೆ ಕೆಸರು ಕಂಡಾಗ ಇದು ಇಲ್ಲಿಗೆ ಹೇಗೆ ಬಂತು ಅಂತ ಒಬ್ಬರು ಕೇಳಿ, ಉತ್ತರ ಸಿಗೋವರೆಗೆ ರಾತ್ರಿಯೆಲ್ಲ ಕೂರಬೇಕು. ಅಷ್ಟೇ ಕೆಲಸ. ಆದರೆ ಎಷ್ಟೋ ರಾತ್ರಿ ಏನೂ ಆಗೋದಿಲ್ಲ."

ಅಜ್ಜ ಅದುವರೆಗೆ ಮಾತಾಡಿರಲಿಲ್ಲ. ಕವಳದ ಚಂಚಿ ತೆಗೆದವರು ಹಾಗೇ ಕೈಯಲ್ಲಿ ಹಿಡಿದುಕೊಂಡರು.

"ಆ ಕೆಸರು ನಾ ಸಣ್ಣಿರಕಾದ್ರಿಂದ ಕಂಡಿದ್ದೆ ತಂಗಿ. ಹಳ್ಳದ ಬದಿಗೆ ಎಲೆ ಮೇಲೆ, ಕೊಂಬೆ ಮೇಲೆ. ಮಳೆಗೆ ರಾಡಿ ಸಿಡ್ದದ್ದು ಅಂದ್ಕಂಡಿದ್ದೆ. ನಮ್ಮಪ್ಪನೂ ಹಾಂಗೇ ಅಂದ್ಕಂಡಿದ್ದ." ಸ್ವಲ್ಪ ತಡೆದು, "ಯಾರೂ ಕೇಳ್ಳಿಲ್ಲ. ನಾನೂ ಕೇಳ್ಳಿಲ್ಲ" ಎಂದರು.

ಯಾರೂ ಏನೂ ಹೇಳಲಿಲ್ಲ. ಮಣಿಪಾಲದ ಜೀರುಂಡೆ, ಬಿದಿರು ಮೆಳೆಯ ಕಾಳಿಂಗ, ಈ ಹಳ್ಳದ ರಾಡಿ ಮೂರೂ ನನ್ನೊಳಗೆ ಒಂದಕ್ಕೊಂದು ಜೋಡಿಯಾದವು. ಮೂರು ಕಡೆಯೂ ಉತ್ತರ ಮೊದಲೇ ಸಿದ್ಧವಿತ್ತು. ಸಿದ್ಧವಿದ್ದ ಉತ್ತರವೇ ಪ್ರಶ್ನೆಯ ಬಾಯಿ ಕಟ್ಟಿತ್ತು. ಅಜ್ಜನಿಗೆ ಈ ಕಾಡಿನ ಒಂದೊಂದು ಬೇರೂ ಗೊತ್ತು. ಯಾವ ಕಲ್ಲು ಜಾರುತ್ತದೆ, ಯಾವ ಒಸರು ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂಬುದು ಗೊತ್ತು. ಆ ತಿಳಿವಳಿಕೆ ಇಲ್ಲದೆ ಸಂಶೋಧಕಿ ಈ ಹಳ್ಳ ಮುಟ್ಟುತ್ತಿರಲಿಲ್ಲ. ಅವರ ಪ್ರಶ್ನೆ ಇಲ್ಲದೆ ಅಜ್ಜನಿಗೆ ರಾಡಿಯೊಳಗಿನ ಮೊಟ್ಟೆ ಕಾಣುತ್ತಿರಲಿಲ್ಲ. ಈ ಇಬ್ಬರು ಒಂದೇ ದಂಡೆಯಲ್ಲಿ ಕೂರುವುದು ಎಷ್ಟು ದೊಡ್ಡ ಸಂಗತಿ ಎಂದು ಮನಸ್ಸು ತುಂಬಿ ಬಂತು. ಕಾಡು ಕಡಿದರೆ, ಹಳ್ಳ ತಿರುಗಿಸಿದರೆ, ಪಾರೆ ಒಡೆದರೆ ಜೀವಿಗಳ ಜೊತೆಗೆ ನಾವಿನ್ನೂ ಕೇಳಿರದ ಪ್ರಶ್ನೆಗಳೂ ಹೋಗುತ್ತವೆ.

ಹನ್ನೊಂದರ ಸುಮಾರಿಗೆ ಹಿಂದಿರುಗಲು ಎದ್ದೆವು. ಮಳೆ ಜಿನುಗುತ್ತಿತ್ತು. ಜಡ್ಡಿಯ ಅಂಚಿಗೆ ಬಂದಾಗ ಎಡಗಡೆಯ ಪೊದೆಯಿಂದ ಒಂದು ಸದ್ದು ಬಂತು. ಗಾಜಿನ ಬಳೆಗೆ ಬಳೆ ತಾಗಿದಷ್ಟು ಸಣ್ಣದು. ನಾನು ಕೇಳಿಸಿಕೊಂಡೂ ಎರಡು ಹೆಜ್ಜೆ ಮುಂದೆ ಹೋಗಿದ್ದೆ. ಅಜ್ಜ ಮಾತ್ರ ನಿಂತುಬಿಟ್ಟರು.

"ತಂಗಿ, ಅದ್ಯಾವ್ದು?"

ಸಂಶೋಧಕಿ ತಲೆ ಓರೆ ಮಾಡಿ ಕೇಳಿದರು. ಸದ್ದು ಇನ್ನೊಮ್ಮೆ ಬಂತು.

"ಗೊತ್ತಿಲ್ಲ ಅಜ್ಜ" ಎಂದರು. ಚೀಲದಿಂದ ರೆಕಾರ್ಡರ್ ತೆಗೆಯುವಾಗ ಅವರ ಕೈ ಅವಸರಪಡುತ್ತಿತ್ತು.

ಅಜ್ಜ ತಮ್ಮ ಟಾರ್ಚು ಆರಿಸಿದರು. ನಾನೂ ಆರಿಸಿದೆ. ಮೂವರೂ ಕತ್ತಲಲ್ಲಿ ಆ ಪೊದೆಯ ಕಡೆ ಮುಖ ಮಾಡಿ ಕಾಯುತ್ತ ನಿಂತೆವು.